‘ಚುಟುಕು’ ಬದಲು ‘ಹೀಚು’ ಅನ್ನಬಹುದಾ? ಜೊತೆಗೆ ಪಾರ್ಟು, ಪಾತ್ರದ ಬಗ್ಗೆ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಅರ್ಥ ಸರಿಯಾಗಿದ್ದರೆ ಸಾಲದು, ಅದನ್ನು ಓದಿದವರಿಗೆ ‘ನಾನೂ ಎರಡು ಸಾಲು ಸೇರಿಸೋಣ’ ಅನ್ನಿಸಬೇಕು. ಹಿನ್ನೆಲೆ ಹೇಳದೆ ಕೇಳಿದರೆ ಪ್ರಶ್ನೆ ಅರ್ಧವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಗುಬ್ಬಿ ತಾಲ್ಲೂಕಿನವಳು, ಈಗ ತುಮಕೂರಿನಲ್ಲಿದ್ದೇನೆ. ನಮ್ಮ ಕಡೆ ಸುಗ್ಗಿ ಮುಗಿಯಿತು ಅಂದರೆ ಊರೂರಲ್ಲೂ ಪೌರಾಣಿಕ ನಾಟಕ. ರಾತ್ರಿ ಶುರುವಾದರೆ ಮುಗಿಯುವಾಗ ಬೆಳಗಾಗಿರುತ್ತದೆ. ಈ ನಾಟಕಗಳ ಹುಚ್ಚಿರುವ ಐದಾರು ಜನ ಸೇರಿ ಒಂದು ಆನ್‌ಲೈನ್ ವಿಶ್ವಕೋಶ ಕಟ್ಟುತ್ತಿದ್ದೇವೆ. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ವಿಷಯ ಮಾತ್ರ ಒಂದೇ. ನಮ್ಮ ಸೀಮೆಯ ನಾಟಕದ ಪಾತ್ರಗಳು, ಕಂದ, ಸೀಸದಂಥ ಪದ್ಯಗಳು, ಹಾಡಿನ ಮಟ್ಟುಗಳು ಅಂದರೆ ಧಾಟಿಗಳು, ಹಾರ್ಮೋನಿಯಂ ಮೇಷ್ಟ್ರುಗಳು, ರಂಗಕ್ಕೆ ಪರದೆ ಕಟ್ಟುವ ಸೀನ್ಸ್‌ನವರು, ಹಳೇ ಕರಪತ್ರಗಳು. ಇಷ್ಟು ಸಣ್ಣ ಸಣ್ಣ ವಿವರಕ್ಕೆ ದೊಡ್ಡ ವಿಶ್ವಕೋಶದಲ್ಲಿ ಜಾಗ ಇರುವುದಿಲ್ಲ. ನಮಗೆ ಅದೇ ಬೇಕು.

ಬರೆಯುವವರಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ, ತೆಂಗಿನ ತೋಟದವರಿದ್ದಾರೆ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವ ಹುಡುಗರಿದ್ದಾರೆ. ಹೆಚ್ಚಿನವರು ಮೊಬೈಲಿನಲ್ಲೇ ಬರೆಯುತ್ತಾರೆ. ಹೇಗೆ ಬರೆಯಬೇಕು, ಹೇಗೆ ತಿದ್ದಬೇಕು ಅನ್ನುವ ಸೂಚನೆಗಳ ಪುಟ ನನ್ನ ಪಾಲಿಗೆ ಬಂದಿದೆ. ನಾನು ಮೊದಲು ಮಾಡಿದ್ದು ಕನ್ನಡ ವಿಕಿಪೀಡಿಯದ ಪದಗಳನ್ನು ಹಾಗೇ ತೆಗೆದುಕೊಂಡಿದ್ದು. ಅಲ್ಲಿ 2003ರಿಂದ ಕೆಲಸ ನಡೆದಿದೆ, ಪದಗಳು ಬಳಕೆಯಲ್ಲಿ ಸವೆದಿವೆ, ಮತ್ತೆ ಯಾಕೆ ಹುಡುಕಬೇಕು ಅಂದುಕೊಂಡೆ. ಎಷ್ಟೋ ಪದಗಳು ಸಲೀಸಾಗಿ ಕೂತವು. ಒಂದು ಪದ ಕೂರಲಿಲ್ಲ.

ಇನ್ನೂ ಬೆಳೆಯಬೇಕಾದ, ಎರಡು ಮೂರು ಸಾಲಿನ ಲೇಖನಕ್ಕೆ ಅಲ್ಲಿ ‘ಚುಟುಕು’ ಅನ್ನುತ್ತಾರೆ. ಇಂಗ್ಲಿಷಿನ ಸ್ಟಬ್ ಅನ್ನುವುದಕ್ಕೆ ಕೊಟ್ಟ ಪದ ಅದು. ಲೇಖನದ ಕೆಳಗೆ ‘ಇದೊಂದು ಚುಟುಕು, ಇದನ್ನು ವಿಸ್ತರಿಸಿ’ ಅನ್ನುವ ಅರ್ಥದ ಪಟ್ಟಿ ಬರುತ್ತದೆ. ನಾವೂ ಹಾಗೇ ಹಾಕಿದೆವು.

ನಮ್ಮಲ್ಲಿ ಒಬ್ಬರು ಹಿರಿಯ ಡ್ರಾಮಾ ಮೇಷ್ಟ್ರು ಬರೆಯುತ್ತಿದ್ದರು. ಎಪ್ಪತ್ತು ದಾಟಿದೆ. ಮೊಮ್ಮಗಳ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ತಾವು ಕಲಿತ ಒಂದು ಮಟ್ಟಿನ ಬಗ್ಗೆ ನಾಲ್ಕು ಸಾಲು ಹಾಕಿದ್ದರು. ಯಾವ ರಾಗ, ಯಾರಿಂದ ಬಂತು, ಯಾವ ಪದ್ಯಕ್ಕೆ ಹೊಂದುತ್ತದೆ ಅಂತ. ಅದರ ಕೆಳಗೆ ಚುಟುಕು ಪಟ್ಟಿ ಬಿತ್ತು. ಹಾಕಿದ್ದು ನಾನೇ. ಆಮೇಲೆ ಅವರು ಬರೆಯಲಿಲ್ಲ. ತಿಂಗಳಾದ ಮೇಲೆ ಫೋನ್ ಮಾಡಿ ಕೇಳಿದೆ. ‘ಚುಟುಕಾಗಿ ಬರೀಬೇಕು ಅಂತ ಹಾಕಿದ್ದೀಯಲ್ಲಮ್ಮ, ಅದಕ್ಕೇ ಅಷ್ಟಕ್ಕೇ ನಿಲ್ಲಿಸಿದೆ. ನನಗೆ ಚುಟುಕಾಗಿ ಹೇಳೋಕೆ ಬರಲ್ಲ’ ಅಂದರು. ಅವರ ಹತ್ತಿರ ಇನ್ನೂ ನಲವತ್ತು ಸಾಲಿಗಾಗುವಷ್ಟು ವಿಷಯವಿತ್ತು. ನನಗೆ ತುಂಬಾ ಬೇಜಾರಾಯಿತು.

ಅವರು ತಪ್ಪಾಗಿ ಓದಲಿಲ್ಲ ಅಂತ ನನಗೆ ಅನ್ನಿಸುತ್ತದೆ. ‘ಚುಟುಕಾಗಿ ಹೇಳಿ’ ಅಂದರೆ ಕನ್ನಡದಲ್ಲಿ ಕಡಿಮೆ ಮಾತಲ್ಲಿ ಮುಗಿಸಿ ಅಂತಲೇ ಅರ್ಥ. ದಿನಕರ ದೇಸಾಯಿಯವರು ಬರೆದ ನಾಲ್ಕು ಸಾಲಿನ ಚೌಪದಿಗಳನ್ನು ಜನ ಚುಟುಕು ಅಂತ ಕರೆದರು. ಆ ನಾಲ್ಕು ಸಾಲು ಅಲ್ಲಿಗೇ ಪೂರ್ತಿ. ಐದನೇ ಸಾಲು ಸೇರಿಸಿದರೆ ಕೆಡುತ್ತದೆ. ಚುಟುಕು ಅಂದರೆ ಚಿಕ್ಕದು, ಆದರೆ ಮುಗಿದದ್ದು. ನಮಗೆ ಬೇಕಿರುವುದು ಚಿಕ್ಕದು, ಆದರೆ ಮುಗಿಯದೆ ಇರುವುದು. ವಿಕಿಪೀಡಿಯದಲ್ಲಿ ಬರೆದು ಪಳಗಿದವರಿಗೆ ಇದು ತೊಡಕಾಗುವುದಿಲ್ಲ, ಪದ ಅಲ್ಲಿ ಪಾರಿಭಾಷಿಕವಾಗಿ ನೆಲೆಯಾಗಿದೆ. ಅದನ್ನು ಬದಲಾಯಿಸಿ ಅಂತ ನಾನು ಕೇಳುತ್ತಿಲ್ಲ. ಹೊಸದಾಗಿ ಬರುವ ನಮ್ಮವರಿಗೆ ಹೊಂದುವ ಪದ ಯಾವುದು ಅನ್ನುವುದಷ್ಟೇ ಪ್ರಶ್ನೆ.

ಬೇರೆ ಪದಗಳನ್ನೂ ನೋಡಿದೆವು. ‘ಮೋಟು’ ಇಂಗ್ಲಿಷ್ ಪದಕ್ಕೆ ಹತ್ತಿರ, ಕಡಿದ ಮರದ ಉಳಿಕೆ. ಆದರೆ ಒಬ್ಬರು ಬರೆದಿದ್ದಕ್ಕೆ ಮೋಟು ಅಂತ ಹಣೆಪಟ್ಟಿ ಹಚ್ಚುವುದು ಬೈದ ಹಾಗೆ. ‘ಅಪೂರ್ಣ’ ಅಂದರೆ ಶಾಲೆಯ ಹೋಂವರ್ಕ್ ಮೇಲೆ ಕೆಂಪು ಶಾಯಿ ಬಿದ್ದ ಹಾಗಾಗುತ್ತದೆ. ಮಂಡ್ಯ ಕಡೆಯ ಗೆಳತಿಯೊಬ್ಬಳು ‘ಕೂಳೆ’ ಅಂದಳು. ಅವರ ಕಡೆ ಕಬ್ಬು ಕಡಿದ ಮೇಲೆ ಕೂಳೆ ಮತ್ತೆ ಚಿಗುರುತ್ತದೆ, ಕೂಳೆ ಕಬ್ಬು ಅಂತ ಇನ್ನೊಂದು ಬೆಳೆಯೇ ಬರುತ್ತದೆ. ಚೆನ್ನಾಗಿದೆ ಅನ್ನಿಸಿತು. ಆದರೆ ನಮ್ಮ ರಾಗಿ ಹೊಲದ ಕೂಳೆ ಚಿಗುರುವುದಿಲ್ಲ, ಬರಿಗಾಲಲ್ಲಿ ಹೋದರೆ ಚುಚ್ಚುತ್ತದೆ ಅಷ್ಟೇ. ಒಂದೇ ಪದ, ಬೆಳೆ ಬದಲಾದರೆ ಮನಸ್ಸಿಗೆ ಬರುವ ಚಿತ್ರವೇ ಬದಲು. ‘ಮೊಳಕೆ’ಗೆ ಯಾರೂ ಬೇಡ ಅನ್ನಲಿಲ್ಲ. ಆದರೂ ಮೊಳಕೆ ನೋಡಿದರೆ ಅದು ಮುಂದೆ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಎರಡು ಸಾಲಿನ ಲೇಖನದಲ್ಲಿ ವಿಷಯ ಏನು ಅಂತ ಆಗಲೇ ಗೊತ್ತಾಗಿರುತ್ತದೆ, ಗಾತ್ರ ಬರಬೇಕು, ರಸ ತುಂಬಬೇಕು.

ಅಲ್ಲಿಂದ ನನಗೆ ಹೊಳೆದದ್ದು ‘ಹೀಚು’. ಹೂವು ಉದುರಿ ಆಗ ತಾನೇ ಕಚ್ಚಿದ ಕಾಯಿ. ನೋಡಿದ ಕೂಡಲೇ ಇದು ಮಾವು, ಇದು ಹೀರೆ ಅಂತ ಹೇಳಬಹುದು. ಆದರೆ ಇನ್ನೂ ಬೆಳೆಯಬೇಕು, ಅದನ್ನು ಯಾರೂ ಈಗಲೇ ಕೀಳುವುದಿಲ್ಲ. ಹೀಚು, ಕಾಯಿ, ಹಣ್ಣು ಅಂತ ಮುಂದಿನ ಹಂತಗಳಿಗೂ ಹೆಸರು ತಾನಾಗೇ ಸಿಗುತ್ತದೆ. ಆಧಾರ ಸೇರಿ ಅರ್ಧ ಬೆಳೆದ ಲೇಖನ ಕಾಯಿ, ಎಲ್ಲರೂ ತಿದ್ದಿ ಒಪ್ಪಿದ್ದು ಹಣ್ಣು. ‘ಮಿಡಿ’ ಅನ್ನಬಹುದಿತ್ತು. ಆದರೆ ಮಿಡಿ ಅಂದ ತಕ್ಷಣ ಉಪ್ಪಿನಕಾಯಿ ಜಾಡಿ ನೆನಪಾಗುತ್ತದೆ, ಮಿಡಿಯಾಗಿರುವಾಗಲೇ ಅದರ ಕೆಲಸ ಮುಗಿದಿರುತ್ತದೆ.

ಉದಾಹರಣೆಗೆ ನಮ್ಮಲ್ಲಿ ‘ರಂಗದ ಮೇಲೆ ಆನೆ’ ಅಂತ ಒಂದು ಪುಟವಿದೆ. ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದಿದ್ದರು ಅಂತ ಅದರಲ್ಲಿದೆ. ಅಷ್ಟೇ ಇರುವುದು. ಆನೆಗೆ ತಾಲೀಮು ಕೊಟ್ಟವರು ಯಾರು, ರಂಗದ ಹಲಗೆ ಅಷ್ಟು ಭಾರ ಹೇಗೆ ತಡೆಯಿತು, ಯಾವ ಊರುಗಳಲ್ಲಿ ಆಯಿತು, ಇದೆಲ್ಲ ಬರಬೇಕು. ಇದನ್ನು ನಾನು ಚುಟುಕು ಅನ್ನಲಾರೆ. ಇದು ಹೀಚೇ.

ಈ ಧೈರ್ಯ ನನಗೆ ಬಂದದ್ದೂ ವಿಕಿಪೀಡಿಯದಿಂದಲೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಚರ್ಚಿಸುವ ಜಾಗಕ್ಕೆ ವಿಲೇಜ್ ಪಂಪ್ ಅನ್ನುತ್ತಾರೆ. ಅದೇ ಜಾಗಕ್ಕೆ ಕನ್ನಡದಲ್ಲಿಟ್ಟ ಹೆಸರು ‘ಅರಳಿಕಟ್ಟೆ’. ಪಂಪನ್ನು ಯಾರೂ ಕನ್ನಡಕ್ಕೆ ತರಲಿಲ್ಲ. ನಮ್ಮ ಊರಲ್ಲಿ ಜನ ಸೇರಿ ಮಾತಾಡುವುದೆಲ್ಲಿ ಅಂತ ಯೋಚಿಸಿದರು. ಹೆಸರು ಕೇಳಿದರೆ ಹೋಗಿ ಕೂರೋಣ ಅನ್ನಿಸುತ್ತದೆ, ಅಲ್ವಾ? ಅಷ್ಟು ಒಳ್ಳೆಯ ಪದ ಒಂದು ಸೂಚನೆಯ ಪುಟದಲ್ಲಿದ್ದರೆ ಅರ್ಧ ವಿವರಣೆ ಉಳಿಯುತ್ತದೆ. ‘ರಾಷ್ಟ್ರಪತಿ’ ಅನ್ನುವ ಪದ ಸೂಚಿಸಿದ್ದು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ವಿದ್ವಾಂಸರಾದ ತೀನಂಶ್ರೀಯವರು ಅಂತ ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆ ನೆಲದವರು ಒಂದು ಹೀಚಿಗೆ ಹಿಂಜರಿಯಬಾರದು ಅಂದುಕೊಂಡೆ.

ಹೀಚಿನ ಬಗ್ಗೆ ನನಗಿರುವ ಅನುಮಾನಗಳು ಇವು. ಮಾತಿನಲ್ಲಿ ನಮ್ಮ ಕಡೆ ಎಷ್ಟೋ ಜನ ಹಕಾರ ಬಿಡುತ್ತಾರೆ, ಅವರ ಬಾಯಲ್ಲಿ ಅದು ‘ಈಚು’. ಈಚಲು ಮರದ ನೆನಪು ಬರಬಹುದಾ? ಎರಡನೆಯದು, ಗಾಳಿ ಮಳೆಗೆ ಹೀಚು ಉದುರುತ್ತದೆ. ‘ಹೀಚಲ್ಲೇ ಉದುರಿಹೋಯಿತು’ ಅಂದರೆ ಕೆಟ್ಟ ಮಾತು. ಬರೆದವರಿಗೆ ಅದು ಅಪಶಕುನದ ಹಾಗೆ ಕೇಳಿಸುತ್ತದಾ? ಮೂರನೆಯದು, ಶ್ರೀನಿವಾಸಪುರದ ಒಬ್ಬರು ಮಾವಿನ ತೋಟದವರು, ಹೀಚು ಅನ್ನುವ ಪದ ಪುಸ್ತಕದಲ್ಲಿ ನೋಡಿದ್ದೇನೆ, ಮನೆಯಲ್ಲಿ ‘ಪಿಂದೆ’ ಅಂತೀವಿ ಅಂದರು. ಪಿಂದೆ ತೆಲುಗು. ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಓಡಾಡುತ್ತವೆ. ಅಲ್ಲಿಯವರು ಕನ್ನಡದಲ್ಲಿ ಮಾತಾಡುವಾಗ ಹೀಚು ಅನ್ನುತ್ತಾರಾ, ಪಿಂದೆಯನ್ನೇ ಇಟ್ಟುಕೊಳ್ಳುತ್ತಾರಾ? ಮಾಲೂರು, ಮುಳಬಾಗಿಲು, ಗೌರಿಬಿದನೂರು ಕಡೆಯವರು ದಯವಿಟ್ಟು ತಿಳಿಸಿ. ಉತ್ತರ ಕರ್ನಾಟಕದವರು, ಕರಾವಳಿಯವರು ನಿಮ್ಮ ಪದವನ್ನೂ ಹೇಳಿ.

ಇನ್ನೊಂದು ಪ್ರಶ್ನೆ, ಇದೂ ಅಷ್ಟೇ ಮುಖ್ಯ. ‘ಪಾತ್ರ’, ‘ಪಾರ್ಟು’ ಎರಡೂ ಒಂದೇನಾ?

ನಮ್ಮ ಬರಹಗಾರರು ‘ಭೀಮನ ಪಾರ್ಟು’ ಅಂತ ಬರೆಯುತ್ತಾರೆ. ಮೊದಮೊದಲು ನಾನು ಅದನ್ನೆಲ್ಲ ‘ಪಾತ್ರ’ ಅಂತ ತಿದ್ದುತ್ತಿದ್ದೆ, ಇಂಗ್ಲಿಷ್ ಪದ ಬಿಟ್ಟು ಕನ್ನಡ ಇರಲಿ ಅಂತ. ಆಮೇಲೆ ತಿದ್ದುವುದನ್ನು ನಿಲ್ಲಿಸಿದೆ. ಹಳ್ಳಿಯ ಕುರುಕ್ಷೇತ್ರದಲ್ಲಿ ಕೃಷ್ಣನನ್ನು ಮಾಡಲು ಆಸೆ ಇರುವವರು ಜಾಸ್ತಿ. ಅದಕ್ಕೇ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಹಂಚುತ್ತಾರೆ. ಸಂಧಾನದ ಕೃಷ್ಣ ಒಬ್ಬರು, ಯುದ್ಧದ ಕೃಷ್ಣ ಇನ್ನೊಬ್ಬರು. ಅಲ್ಲಿಗೆ ಪಾತ್ರ ಒಂದೇ, ಪಾರ್ಟು ಎರಡು! ಪಾರ್ಟು ಅಂದರೆ ಒಬ್ಬ ನಟ ದುಡ್ಡು ಕೊಟ್ಟು ಹಿಡಿದದ್ದು. ಅದರೊಳಗೆ ಇಷ್ಟು ಪದ್ಯ, ಇಷ್ಟು ಮಾತು, ಇಂಥ ಡ್ರೆಸ್ಸು, ಇಂಥ ನಡಿಗೆ ಎಲ್ಲ ಸೇರಿರುತ್ತದೆ. ಪಾತ್ರ ಅಂದರೆ ಕಥೆಯೊಳಗಿನ ವ್ಯಕ್ತಿ. ಈ ವ್ಯತ್ಯಾಸ ನಮ್ಮ ಜನರ ಬಾಯಲ್ಲಿ ಆಗಲೇ ಇತ್ತು, ನಾನು ಅಳಿಸುತ್ತಿದ್ದೆ. ಈಗ ಸೂಚನೆಯಲ್ಲಿ ‘ಕಥೆಯ ವ್ಯಕ್ತಿಯಾದರೆ ಪಾತ್ರ, ರಂಗದ ಮೇಲೆ ಒಬ್ಬರು ಹೊತ್ತದ್ದಾದರೆ ಪಾರ್ಟು’ ಅಂತ ಬರೆದಿದ್ದೇನೆ. ನಿಮ್ಮ ಕಡೆ ಈ ಭೇದ ಇದೆಯಾ? ಬಯಲಾಟ, ಯಕ್ಷಗಾನದವರು ಪಾರ್ಟು ಅನ್ನುತ್ತಾರಾ, ವೇಷ ಅನ್ನುತ್ತಾರಾ? ಯಕ್ಷಗಾನದಲ್ಲಿ ವೇಷಧಾರಿ ಅನ್ನುವುದನ್ನು ಕೇಳಿದ್ದೇನೆ, ‘ವೇಷ’ದೊಳಗೂ ಇದೇ ಅರ್ಥ ಬರುತ್ತದಾ?

ಇದಕ್ಕೇ ಅಂಟಿಕೊಂಡು ಏಕವಚನ, ಬಹುವಚನದ ತೊಡಕಿದೆ. ನಟರಿಗೆ ಬಹುವಚನ, ಅದರಲ್ಲಿ ಮಾತೇ ಇಲ್ಲ. ಪಾತ್ರಕ್ಕೆ? ‘ಶಕುನಿ ದಾಳ ಎಸೆಯುತ್ತಾನೆ’, ‘ದ್ರೌಪದಿ ಬರುತ್ತಾಳೆ’, ಇಷ್ಟು ಸರಿ. ಕೃಷ್ಣನಿಗೂ ಏಕವಚನವೇ ಚೆಂದ, ದೇವರನ್ನು ನಾವು ಯಾವತ್ತೂ ಹತ್ತಿರದವನ ಹಾಗೆ ಕರೆದವರು. ಆದರೆ ‘ಭೀಷ್ಮ ಬರುತ್ತಾನೆ’ ಅಂತ ಬರೆದರೆ ಯಾರೋ ಬಂದು ‘ಭೀಷ್ಮರು ಬರುತ್ತಾರೆ’ ಅಂತ ತಿದ್ದುತ್ತಾರೆ. ದ್ರೋಣರದ್ದೂ ಅದೇ ಕಥೆ. ಕೃಷ್ಣನಿಗೆ ಇಲ್ಲದ ಬಹುವಚನ ಭೀಷ್ಮನಿಗೆ ಯಾಕೆ ಅಂತ ಕೇಳಿದರೆ ‘ಅವರು ಹಿರಿಯರಲ್ವಾ’ ಅನ್ನುತ್ತಾರೆ. ನನಗೆ ಆ ಉತ್ತರ ಇಷ್ಟವಾಯಿತು. ಆದರೆ ವಿಶ್ವಕೋಶಕ್ಕೆ ಒಂದೇ ರೀತಿ ಬೇಕು, ಇಲ್ಲವಾದರೆ ಒಂದೇ ಪುಟದಲ್ಲಿ ಭೀಷ್ಮ ಎರಡೆರಡು ಬಾರಿ ಬದಲಾಗುತ್ತಾನೆ. ಎಲ್ಲ ಪಾತ್ರಕ್ಕೂ ಏಕವಚನ ಅಂತ ಇಟ್ಟರೆ ಒರಟಾಗುತ್ತದಾ?

ಕಥೆಯ ಮೂಲದ ಬಗ್ಗೆಯೂ ಒಂದು ಸೂಚನೆ ಬೇಕಾಯಿತು. ಬೇರೆ ಭಾಷೆಗಳ ಅಭಿಮಾನಿ ವಿಶ್ವಕೋಶಗಳಲ್ಲಿ ಯಾವುದು ಅಧಿಕೃತ ಕಥೆ ಅನ್ನುವುದಕ್ಕೆ ಕ್ಯಾನನ್ ಅನ್ನುತ್ತಾರೆ. ನಮ್ಮಲ್ಲಿ ವ್ಯಾಸ ಭಾರತ ಒಂದು, ಕುಮಾರವ್ಯಾಸನದು ಒಂದು, ನಾಟಕದ ಪ್ರತಿ ಇನ್ನೊಂದು. ಅಪ್ಪನ ಮೂಳೆಯಿಂದ ದಾಳ ಮಾಡಿ ಕೌರವರ ಮೇಲೆ ಸೇಡು ತೀರಿಸುವ ಶಕುನಿ ವ್ಯಾಸ ಭಾರತದಲ್ಲಿಲ್ಲ, ರಂಗದ ಮೇಲೆ ಇದ್ದಾನೆ. ಅದಕ್ಕೆ ‘ನಾಟಕದಲ್ಲಿ’, ‘ಭಾರತದಲ್ಲಿ’ ಅಂತ ಬಿಡಿಸಿ ಬರೆಯಿರಿ ಅಂದೆವು. ಹೊಸ ಪದ ಬೇಕಾಗಲಿಲ್ಲ. ಕಥೆಯ ಗುಟ್ಟು ಮೊದಲೇ ಹೇಳಬೇಡಿ ಅನ್ನುವ ಸೂಚನೆಯನ್ನು ಬಿಟ್ಟೆವು. ದುರ್ಯೋಧನನ ತೊಡೆ ಮುರಿಯುವುದು ಎಲ್ಲರಿಗೂ ಗೊತ್ತು, ಹೇಗೆ ಹಾಡುತ್ತಾನೆ ಅಂತ ನೋಡಲು ಜನ ಬರುತ್ತಾರೆ.

ಒಂದು ಹೆಸರು ಹುಡುಕಿದರೆ ಇನ್ನೊಂದು ಪುಟಕ್ಕೆ ಕಳಿಸುವುದಕ್ಕೆ ವಿಕಿಪೀಡಿಯದಲ್ಲಿರುವ ‘ಪುನರ್ನಿರ್ದೇಶನ’ ಅನ್ನುವ ಪದ ನಮ್ಮವರ ಬಾಯಿಗೆ ಬರಲಿಲ್ಲ. ನಿಘಂಟುಗಳಲ್ಲಿ ಇರುವ ಹಾಗೆ ‘ನೋಡಿ’ ಅಂತ ಮಾಡಿಕೊಂಡೆವು. ‘ನಾಟಕರತ್ನ’ ಅಂತ ಹುಡುಕಿದರೆ ‘ಗುಬ್ಬಿ ವೀರಣ್ಣ ನೋಡಿ’ ಅಂತ ಬರುತ್ತದೆ. ಬಿರುದನ್ನು ಪುಟದ ಹೆಸರಿಗೆ ಸೇರಿಸುವುದಿಲ್ಲ, ಒಳಗೆ ಒಮ್ಮೆ ಹೇಳುತ್ತೇವೆ. ಅಭಿಮಾನಿಗಳು ಬರೆಯುವಾಗ ಕೈ ತಾನಾಗೇ ‘ಗಾನಗಂಧರ್ವ’, ‘ಅಭಿನಯ ಚತುರ’ ಅಂತ ಬರೆಯುತ್ತದೆ. ನಾನೂ ಬರೆದಿದ್ದೇನೆ. ಹೊಗಳಿಕೆ ತೆಗೆದು, ಅವರು ಯಾವ ಮಟ್ಟನ್ನು ಹೇಗೆ ಹಾಡುತ್ತಿದ್ದರು ಅಂತ ಹೇಳಿದರೆ ಓದುವವರಿಗೆ ಹೆಚ್ಚು ತಿಳಿಯುತ್ತದೆ.

ಉತ್ತರ ಚಿಕ್ಕದಾದರೂ ಸರಿ. ನಿಮ್ಮ ಊರು, ನಿಮ್ಮ ಮನೆಯಲ್ಲಿ ಹೀಚಿಗೆ ಏನನ್ನುತ್ತಾರೆ, ಯಾವ ಕಾಯಿಗೆ ಅನ್ನುತ್ತಾರೆ, ಇಷ್ಟು ಬರೆದರೆ ಸಾಕು. ಪಾರ್ಟಿನ ಬಗ್ಗೆ ನಾಟಕ ಮಾಡಿದವರೇ ಹೇಳಿದರೆ ಇನ್ನೂ ಒಳ್ಳೆಯದು. ಸಂಕ್ರಾಂತಿಯ ಹೊತ್ತಿಗೆ ತಾಲೀಮು ಶುರುವಾಗುತ್ತದೆ, ಅಷ್ಟರೊಳಗೆ ಸೂಚನೆಗಳ ಪುಟ ಮುಗಿಸಿ ಎಲ್ಲರಿಗೂ ಕಳಿಸಬೇಕು.

ಮೇಷ್ಟ್ರ ಪುಟದಿಂದ ಚುಟುಕು ಪಟ್ಟಿಯನ್ನು ತೆಗೆದಿದ್ದೇನೆ. ಹೋದ ವಾರ ಅವರು ಇನ್ನೂ ಆರು ಸಾಲು ಸೇರಿಸಿದ್ದಾರೆ.

ತುಮಕೂರಿನಿಂದ