ಮಲ್ಚಿಂಗ್ ಪೇಪರಿನ ಯಾವ ಬಣ್ಣ ಮೇಲಿರಬೇಕು?

ಪ್ರಶ್ನೆ (ಶ್ರೀನಿವಾಸಪುರ): ಮಾರ್ಚ್‌ನಲ್ಲಿ ಟೊಮೆಟೊ ನಾಟಿ ಮಾಡಿದ್ದೇವೆ. ಪೇಪರು (ಪಾತಿಗೆ ಹಾಸುವ ಪ್ಲಾಸ್ಟಿಕ್ ಹಾಳೆ) ಒಂದು ಮೈ ಬೆಳ್ಳಿ, ಇನ್ನೊಂದು ಕಪ್ಪು, 25 ಮೈಕ್ರಾನ್ ದಪ್ಪ. ಆಳುಗಳು ಕಪ್ಪು ಮೇಲೆ ಬರುವಂತೆ ಹಾಸಿಬಿಟ್ಟಿದ್ದಾರೆ. ನಾಲ್ಕನೇ ದಿನಕ್ಕೇ ಸಸಿಗಳು ಬುಡದಲ್ಲಿ ಬಾಗಿ ಬೀಳುತ್ತಿವೆ. ಯಾವ ಔಷಧಿ ಬಿಡಬೇಕು?

ಉತ್ತರ: ಮೊದಲು ಬಿದ್ದ ಸಸಿಯೊಂದನ್ನು ಕಿತ್ತು ನೋಡಿ. ಬುಡ ನೀರು ನೀರಾಗಿ ಕೊಳೆತು ನೂಲಿನಂತೆ ಸಣ್ಣಗಾಗಿದ್ದರೆ ರೋಗ. ಪೇಪರು ತಾಗಿದ ಒಂದೇ ಪಕ್ಕ ಒಣಗಿ ಕಂದಾಗಿ, ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ಸುಟ್ಟದ್ದು. ಔಷಧಿ ದುಡ್ಡು ದಂಡ. ಬೇಸಿಗೆ ನಾಟಿಗೆ ಬೆಳ್ಳಿ ಮೇಲಿರಬೇಕಿತ್ತು. ಕಪ್ಪು ಮೈ ಬಿಸಿಲನ್ನೆಲ್ಲ ಹೀರಿ ಕಾಯುತ್ತದೆ, ಕೆಳಗಿನ ಬಿಸಿಗಾಳಿ ಹೊರಬರುವ ದಾರಿಯೂ ಸಸಿಯ ತೂತೇ.

ಬ್ಲೇಡಿನಲ್ಲಿ ಅಡ್ಡ-ಉದ್ದ ಸೀಳಿದ್ದರೆ ಇನ್ನೂ ಕಷ್ಟ. ಆ ನಾಲ್ಕು ಮೂಲೆಗಳು ಗಾಳಿಗೆ ಎದ್ದು ಕಾಂಡಕ್ಕೆ ಬಡಿಯುತ್ತಿರುತ್ತವೆ. ಮೂಲೆಗಳನ್ನು ಕತ್ತರಿಸಿ 8 ಸೆಂ.ಮೀ. ಅಗಲದ ದುಂಡು ತೂತು ಮಾಡಿ, ಅಂಚಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ. ಮುಂದಿನ ಸಲ ಹಾಲಿನಪುಡಿ ಡಬ್ಬಿಯನ್ನು ಕೆಂಡದಲ್ಲಿ ಕಾಯಿಸಿ ಒತ್ತಿ. ಅಂಚು ಕರಗಿ ಗಟ್ಟಿಯಾಗುತ್ತದೆ, ಹರಿಯುವುದಿಲ್ಲ. ಡ್ರಿಪ್ ಪೈಪು ಅಲ್ಲೇ ಅಡಿಯಲ್ಲಿರುತ್ತದೆ, ಒತ್ತುವ ಮೊದಲೇ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳಿ.

ಹಾಸಿದ್ದನ್ನು ತೆಗೆಯಬೇಡಿ. ತೂತಿನ ಸುತ್ತ ತೆಳ್ಳಗೆ ರಾಗಿ ಹುಲ್ಲು ಹರಡಿದರೆ ಸಾಕು. ಹುಲ್ಲು ದನಕ್ಕೇ ಸಾಲದು ಅನ್ನುವವರು ಒಣಗಿದ ಕಳೆ, ತೆಂಗಿನ ಗರಿ ಹಾಕಬಹುದು. ಬಿದ್ದ ಜಾಗಕ್ಕೆ ಹೊಸ ಸಸಿಯನ್ನು ಸಂಜೆ ಹೊತ್ತು ನೆಡಿ.

ಪ್ರಶ್ನೆ (ಅವರೇ): ಬೆಳ್ಳಿ ಮೇಲಿದ್ದರೆ ನುಸಿ (ಥ್ರಿಪ್ಸ್) ಬರಲ್ಲ ಅಂತಾರಲ್ಲ?

ಉತ್ತರ: ಕಡಿಮೆ ಬರುತ್ತದೆ, ಬರುವುದೇ ಇಲ್ಲ ಎಂದಲ್ಲ. ಕೆಳಗಿನಿಂದ ಹೊಡೆಯುವ ಬೆಳಕಿಗೆ ನುಸಿ, ಬಿಳಿನೊಣಗಳು ದಿಕ್ಕು ತಪ್ಪಿ ಗಿಡದ ಮೇಲೆ ಇಳಿಯುವುದು ಕಮ್ಮಿ. ಗಿಡ ಬೆಳೆದು ಪೇಪರು ಮುಚ್ಚಿದ ಮೇಲೆ, ಅಥವಾ ಅದರ ಮೇಲೆ ಕೆಮ್ಮಣ್ಣಿನ ಧೂಳು ಕೂತ ಮೇಲೆ ಆ ಲಾಭ ಮುಗಿಯಿತು. ಬೆಳ್ಳಿ ಮೇಲಿರುವಾಗ ಅಡಿಯ ಕಪ್ಪು ಬೆಳಕು ತಡೆದು ಕಳೆ ಏಳದಂತೆ ನೋಡಿಕೊಳ್ಳುತ್ತದೆ. ಪಾರದರ್ಶಕ ಶೀಟು ಬೇಸಿಗೆ ಟೊಮೆಟೊಗಲ್ಲ. ಏಪ್ರಿಲ್-ಮೇನಲ್ಲಿ ಖಾಲಿ ನೆಲಕ್ಕೆ ನೀರು ಕಟ್ಟಿ, 4ರಿಂದ 6 ವಾರ ಬಿಗಿಯಾಗಿ ಹೊದಿಸಿ ಮಣ್ಣು ಕಾಯಿಸಲು ಅದು.

ಪ್ರಶ್ನೆ (ಶಿಡ್ಲಘಟ್ಟ): ಬಿಸಿಲು ತಡೆಯಲು ಕ್ಯಾಪ್ಸಿಕಂ ಪಾಲಿಹೌಸಿನ (ಪ್ಲಾಸ್ಟಿಕ್ ಶೀಟು ಹೊದಿಸಿದ ಮನೆ) ಮೇಲೆ ಸುಣ್ಣ ಹೊಡೆಯಬಹುದೇ?

ಉತ್ತರ: ಬೇಡ. ಸುಣ್ಣ ಗಟ್ಟಿಯಾಗಿ ಹಿಡಿಯುತ್ತದೆ. ಜೂನ್‌ನಲ್ಲಿ ಮೋಡ ಕವಿದಾಗ ಉಜ್ಜಿ ತೆಗೆಯಲು ಹೋದರೆ ಶೀಟು ಗೀರು ಬೀಳುತ್ತದೆ, ಬಿಟ್ಟರೆ ಗಿಡಕ್ಕೆ ಬೆಳಕಿಲ್ಲ. ಒಳಗೆ ಎಳೆದು ಮುಚ್ಚುವ ಬಿಳಿ ನೆರಳು ಪರದೆ ಒಳ್ಳೆಯದು. ಕಪ್ಪು ಪರದೆ ಒಳಗಿದ್ದರೆ ತಾನು ಕಾದು ಶಾಖವನ್ನು ಒಳಗೇ ಬಿಡುತ್ತದೆ. ಬಣ್ಣ ಬೇಕಿರುವುದು ಬೇರೆ ಕಡೆ: ಚೌಕಟ್ಟಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪು ಕಾದು, ಅದು ತಾಗಿದಲ್ಲೇ ಶೀಟು ಮೊದಲು ಹರಿಯುತ್ತದೆ. ಪೈಪಿನ ಉದ್ದಕ್ಕೂ, ಶೀಟಿನ ಹೊರಮೈಗೆ ನೀರಿನಲ್ಲಿ ಕಲಸುವ ಬಿಳಿ ಅಕ್ರಿಲಿಕ್ ಪೇಂಟ್ ಪಟ್ಟಿ ಬಳಿಯಿರಿ. ಥಿನ್ನರ್ ಬೆರೆಸುವ ಪೇಂಟ್ ಶೀಟನ್ನೇ ತಿನ್ನುತ್ತದೆ.

ಪ್ರಶ್ನೆ (ಗುಬ್ಬಿ): ಹಾಗಾದರೆ ಅಡಿಕೆ ಮರಕ್ಕೂ ಸುಣ್ಣ ಬೇಡವೇ?

ಉತ್ತರ: ಅಲ್ಲಿ ಬೇಕೇ ಬೇಕು. ನೈಋತ್ಯದ ಬಿಸಿಲು ಕಾಂಡ ಸುಟ್ಟು ಸೀಳುತ್ತದೆ. ತೋಟದ ದಕ್ಷಿಣ-ಪಶ್ಚಿಮ ಅಂಚಿನ ಸಾಲುಗಳಿಗೆ ಮೊದಲು ಬಳಿಯಿರಿ, ಮಳೆ ಬಿಟ್ಟ ಮೇಲೆ, ನವೆಂಬರ್ ಒಳಗೆ. ಮಳೆಗೆ ಮುಂಚೆ ಬಳಿದರೆ ತೊಳೆದು ಹೋಗುತ್ತದೆ.