ಕೆರೆಯ ಮೇಲಿನ ಹಸಿರು ಹಾಸು: ಕೋಡಿ ಬೀಳುವ ಮೊದಲು

(ಕೆರೆಯ ಸುತ್ತಲಿನವರ ಗುಂಪಿನ ಮಾತುಕತೆ. ಮಾತಾಡುವವರ ಹೆಸರಿನ ಬದಲು ಅವರ ಮನೆ ಇರುವ ಜಾಗ ಕೊಟ್ಟಿದೆ.)

ಏರಿ ರಸ್ತೆ:
ಹುತ್ತರಿ ಹೊತ್ತಿಗೆ ತೂಬಿನ ಮೂಲೆಯಲ್ಲಿ ಚಾಪೆಯಷ್ಟಿದ್ದ ಹಸಿರು ಕಳೆ ಈಗ ಕೆರೆಯ ಮೂರರಲ್ಲಿ ಎರಡು ಪಾಲು ಮುಚ್ಚಿದೆ. ಭಾನುವಾರ ಶ್ರಮದಾನ ಮಾಡೋಣ ಎಂದು ಮೂವರು, ಕಳೆನಾಶಕ ಹೊಡೆಸೋಣ ಎಂದು ಒಬ್ಬರು, ಮಳೆಗಾಲದಲ್ಲಿ ಕೋಡಿ ಬಿದ್ದರೆ ತಾನೇ ಕೊಚ್ಚಿಹೋಗುತ್ತದೆ ಎಂದು ಇನ್ನೊಬ್ಬರು ಗುಂಪಿನಲ್ಲಿ ಹಾಕಿದ್ದೀರಿ. ಕೊನೆಯದನ್ನು ಮಾತ್ರ ದಯವಿಟ್ಟು ಬಿಡಿ. ಕೋಡಿ ನೀರು ತೋಡಿಗೆ, ತೋಡು ಗದ್ದೆಗಳ ನಡುವೆ ಹಾದು ಕಾವೇರಿಗೆ. ಕೊಚ್ಚಿಹೋದದ್ದು ಕೆಳಗಿನವರ ಕೆರೆಯಲ್ಲಿ ಬೆಳೆಯುತ್ತದೆ, ನಮ್ಮಲ್ಲಿ ದಡಕ್ಕೆ ಅಂಟಿ ಉಳಿದದ್ದು ಮತ್ತೆ ಹಬ್ಬುತ್ತದೆ.

ಎರಡನೇ ಅಡ್ಡರಸ್ತೆ:
ಇದು ಅಜೋಲ್ಲಾ ಅಲ್ಲವಾ? ಹಸುಗಳಿಗೆ ಹಾಕುತ್ತಾರಲ್ಲ. ಹಾಗಿದ್ದರೆ ಒಯ್ಯುವವರು ಸಿಗುತ್ತಾರೆ.

ಮೂಲೆ ಮನೆ:
ಅಲ್ಲ. ಅಜೋಲ್ಲಾದ ಎಲೆ ಒಂದೆರಡು ಮಿಲಿಮೀಟರ್‌ನ ಹುರುಪೆಯಂತಿರುತ್ತದೆ. ಇದರ ಎಲೆ 1ರಿಂದ 3 ಸೆಂ.ಮೀ., ದಟ್ಟಣೆ ಹೆಚ್ಚಿದಂತೆ ನಡುವೆ ಮಡಚಿಕೊಂಡು ಮೇಲೇಳುತ್ತದೆ. ಭೂತಗನ್ನಡಿಯಲ್ಲಿ ಎಲೆಯ ಮೇಲ್ಮೈ ನೋಡಿ. ಸಾಲು ಸಾಲು ರೋಮ, ಪ್ರತಿಯೊಂದರ ತುದಿಯಲ್ಲೂ ನಾಲ್ಕು ಕವಲು ಒಡೆದು ಮತ್ತೆ ಕೂಡಿಕೊಂಡಿರುತ್ತವೆ, ಪುಟ್ಟ ಕಡಗೋಲಿನ ಹಾಗೆ. ಇದು ಸಾಲ್ವೀನಿಯಾ ಮೊಲೆಸ್ಟಾ. ಕೇರಳದ ಕಡೆಯವರು ಆಫ್ರಿಕನ್ ಪಾಯಲ್ ಎನ್ನುತ್ತಾರೆ, ತವರು ಮಾತ್ರ ಬ್ರೆಜಿಲ್‌ನ ಆಗ್ನೇಯ ಭಾಗ. ಅಂತರಗಂಗೆಯೂ ಅಲ್ಲ. ಅಂತರಗಂಗೆ, ಅಂದರೆ ನೇರಳೆ ಹೂವಿನ ನೀರು ಹಯಸಿಂತ್, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಬೀಜ ಬಿಡುತ್ತದೆ. ಇದು ಬಂಜೆ ಜರೀಗಿಡ, ಇದರ ಬೀಜಕಣ ಮೊಳೆಯುವುದಿಲ್ಲ. ಹರಡುವುದೆಲ್ಲ ತುಂಡಿನಿಂದ, ಒಂದು ಮೊಗ್ಗಿರುವ ತುಂಡು ಸಾಕು. ನೀರಿನಡಿ ಬೇರಿನಂತೆ ಕಾಣುವುದು ಬೇರಲ್ಲ, ಸೀಳಿಹೋದ ಮೂರನೇ ಎಲೆ.

ಹೆಸರು ಹಿಡಿಯುವುದು ಪಾಂಡಿತ್ಯಕ್ಕಲ್ಲ. ಇದನ್ನು ಬೇರೆ ಸಾಲ್ವೀನಿಯಾ ಎಂದು ತಪ್ಪಾಗಿ ತಿಳಿದಿದ್ದ ಕಾಲದಲ್ಲಿ ಆ ಬೇರೆ ಗಿಡದ ಮೇಲಿನ ಹುಳುವನ್ನು ಕಳೆ ತಿನ್ನಲೆಂದು ತಂದು ಆಫ್ರಿಕಾದಲ್ಲಿ ಬಿಟ್ಟು ಸೋತರು. ಪ್ರತ್ಯೇಕ ಪ್ರಭೇದ ಎಂದು ವಿವರಣೆ ಬಂದದ್ದು 1972ರಲ್ಲಿ. ತವರು ಸಿಕ್ಕ ಮೇಲೆ ಅಲ್ಲಿಂದ ತಂದ ಮೂತಿಹುಳುವನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಕೆರೆಗೆ ಬಿಟ್ಟರು. ಮರುವರ್ಷದ ಆಗಸ್ಟ್ ಹೊತ್ತಿಗೆ ಸುಮಾರು 18,000 ಟನ್ ಕಳೆ ಸತ್ತು ಮುಳುಗಿತ್ತು. ಆ ಹುಳು ಆಗ ವಿಜ್ಞಾನಕ್ಕೇ ಹೊಸದು, ಸಿರ್ಟೊಬೇಗಸ್ ಸಾಲ್ವೀನಿಯೇ ಎಂಬ ಹೆಸರು ಸಿಕ್ಕಿದ್ದು 1985ರಲ್ಲಿ.

ಏರಿ ರಸ್ತೆ:
ಹುಳುವಿನ ಮಾತು ಆಮೇಲೆ. ಭಾನುವಾರ ಎಷ್ಟು ಜನ ಬೇಕು?

ಕೋಡಿ ಪಕ್ಕ:
ಮೊದಲು ಲೆಕ್ಕ. ಕೆರೆ 60 ಗುಂಟೆ, ಅಂದರೆ ಸುಮಾರು 6,000 ಚದರ ಮೀಟರ್. ಮುಚ್ಚಿರುವುದು 4,000. ಒಂದು ಮೀಟರ್ ಚೌಕದ ಪಿವಿಸಿ ಚೌಕಟ್ಟು ಮಾಡಿ, ದಪ್ಪ ಇರುವಲ್ಲಿ, ನಡುವೆ, ತೆಳು ಇರುವಲ್ಲಿ ಐದು ಕಡೆ ಇಟ್ಟು ಒಳಗಿನದ್ದನ್ನು ತೆಗೆದು, ಐದು ನಿಮಿಷ ನೀರು ಬಸಿದು ತೂಗಿ. ಸರಾಸರಿ 10 ಕೆ.ಜಿ. ಬಂದರೆ ಒಟ್ಟು 40 ಟನ್. ಮೂರು ಟನ್ ಹಿಡಿಯುವ ಟ್ರೇಲರ್‌ನಲ್ಲಿ 13–14 ಲೋಡ್. ಒಂದು ಭಾನುವಾರದ ಕೆಲಸ ಅಲ್ಲ.

ಇನ್ನೊಂದು ಲೆಕ್ಕ. ನೂರರಲ್ಲಿ 95 ಭಾಗ ತೆಗೆದು 5 ಭಾಗ ಬಿಟ್ಟೆವು ಎನ್ನಿ. ಬೆಚ್ಚಗಿನ, ಗೊಬ್ಬರದ ನೀರಿನಲ್ಲಿ ಈ ಗಿಡ ಎರಡು ಮೂರು ದಿನಕ್ಕೇ ಇಮ್ಮಡಿಸಬಲ್ಲದು. ನಮ್ಮ ತಂಪಿಗೆ ಉದಾರವಾಗಿ ಹತ್ತು ದಿನ ಇಟ್ಟುಕೊಳ್ಳಿ. 5 ಹತ್ತಾಗಿ, ಇಪ್ಪತ್ತಾಗಿ, ನಲವತ್ತಾಗಿ, ಎಂಬತ್ತಾಗಲು ನಲವತ್ತು ದಿನ. ಶ್ರಮದಾನದ ಫೋಟೋ ಹಾಕಿ ಮರೆತ ಕೆರೆಗಳೆಲ್ಲ ಹೀಗೇ ತಿರುಗಿ ಮುಚ್ಚಿಕೊಳ್ಳುವುದು. ಹಾಗಾಗಿ ದೊಡ್ಡ ಗುಂಪು ಒಂದು ದಿನ ಬರುವುದಕ್ಕಿಂತ ಎಂಟು ಜನ ವಾರಕ್ಕೊಮ್ಮೆ, ಮೇ ಕೊನೆಯವರೆಗೆ ಬಂದರೆ ಲಾಭ.

ಮೇಲಿನ ತೋಟ:
ಗ್ಲೈಫೋಸೇಟ್ ಕಳೆನಾಶಕ ಹೊಡೆದರೆ ಒಂದೇ ದಿನದ ಖರ್ಚು. ತೋಟದಲ್ಲಿ ಪಂಪ್ ಇದೆ, ಕೊಡುತ್ತೇನೆ.

ಮೂಲೆ ಮನೆ:
ಪಂಪ್ ಬೇಡ. ಆ ಕಡಗೋಲು ರೋಮ ಇರುವುದೇ ನೀರು ನಿಲ್ಲದಂತೆ, ದ್ರಾವಣ ಮಣಿಯಾಗಿ ಉರುಳುತ್ತದೆ. ಅಂಟಿಸಲು ಸೇರಿಸುವ ಸಾಬೂನಿನಂಥ ವಸ್ತು ಗೊದಮೊಟ್ಟೆಗಳಿಗೆ ಮಾರಕ. ಅಷ್ಟಾಗಿಯೂ ಕಳೆ ಸತ್ತರೆ ಇನ್ನೂ ಕಷ್ಟ: 40 ಟನ್ ಒಮ್ಮೆಲೇ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿ. ಈಗಲೇ ಬೆಳಗಿನ ಆರಕ್ಕೆ ಮೀನು ಬಾಯಿ ಮೇಲೆತ್ತುತ್ತಿವೆ. ಲೀಟರಿಗೆ 2–3 ಮಿಲಿಗ್ರಾಂಗಿಂತ ಇಳಿದರೆ ಸಾವು ಶುರು. ಜೊತೆಗೆ 2022ರ ಅಕ್ಟೋಬರ್‌ನಿಂದ ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿದೆ.

ಎರಡನೇ ಅಡ್ಡರಸ್ತೆ:
ಹುಲ್ಲುಗೆಂಡೆ ಮೀನು ಬಿಟ್ಟರೆ?

ಮೂಲೆ ಮನೆ:
ಹುಲ್ಲುಗೆಂಡೆಗೆ ಇಷ್ಟ ಹೈಡ್ರಿಲ್ಲಾದಂಥ ನೀರೊಳಗಿನ ಮೆತ್ತನೆ ಗಿಡ, ಈ ಒರಟು ಎಲೆಯಲ್ಲ. ಅದೂ ಹೊರನಾಡಿನ ಮೀನೇ. ಕೋಡಿ ದಾಟಿದರೆ ಕಾವೇರಿಗೆ. ಅಲ್ಲಿ ಈಗಾಗಲೇ ಒಂದು ಪಾಠ ಇದೆ. ಬೇಟೆಗೂ ಸಂರಕ್ಷಣೆಗೂ ಒಳ್ಳೆಯದೆಂದು ಹೊರಗಿನ ನೀಲಿರೆಕ್ಕೆ ಮಹಶೀರ್ ಮೀನಿನ ಮರಿಗಳನ್ನು ಕಾವೇರಿಗೆ ಬಿಟ್ಟರು. ಕಾವೇರಿ ಕೊಳ್ಳದಲ್ಲಷ್ಟೇ ಇರುವ ಗೂನುಬೆನ್ನಿನ ಮಹಶೀರ್ ಕುಸಿಯುತ್ತ ಬಂತು. ಅದು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ, ಅದೇ ವರ್ಷ ಅಳಿವಿನ ತೀರಾ ಅಂಚಿನ ಪಟ್ಟಿಗೂ ಸೇರಿತು. ಕಳೆಗೆ ಮದ್ದೆಂದು ಯಾವ ಮೀನೂ ಬೇಡ.

ಕೋಡಿ ಪಕ್ಕ:
ತಡೆಯ ಬಗ್ಗೆ. ಕೋಡಿಯ ಬಾಯಿಗೆ ಬಲೆ ಕಟ್ಟುವ ಮಾತು ನಿನ್ನೆ ಬಂತು. ಅದು ಅಪಾಯ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಕಳೆ ಬಲೆಗೆ ಮೆತ್ತಿಕೊಂಡರೆ ನೀರು ಹೆಚ್ಚಿ ಏರಿಯ ಮೇಲೇ ಹರಿಯುತ್ತದೆ, ಮಣ್ಣಿನ ಏರಿ ಒಡೆಯಲು ಅಷ್ಟು ಸಾಕು. ಬೇಕಿರುವುದು ತೇಲುತಡೆ, ನೀರು ಅದರ ಅಡಿಯಿಂದ ಹೋಗಬೇಕು.

110 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್, ಆರು ಮೀಟರ್‌ನ ನಾಲ್ಕು ತುಂಡು, ಎರಡೂ ತುದಿಗೆ ಬಿರಡೆ ಬೆಸುಗೆ. ಅಂಟಿಸಿದ ಬಿರಡೆ ಬಿಸಿಲಿಗೆ ಬಿಟ್ಟುಕೊಂಡು ಪೈಪ್ ಮುಳುಗುತ್ತದೆ. ಕೆಳಗೆ 30 ಸೆಂ.ಮೀ. ನೆರಳುಬಲೆಯ ಪರದೆ, ಅದರ ಅಂಚಿಗೆ ಅರ್ಧ ಮೀಟರಿಗೊಂದರಂತೆ ತೂಕದ ಗುಂಡು. ಪೈಪ್‌ಗಳನ್ನು 12 ಮಿ.ಮೀ. ಹಗ್ಗದಲ್ಲಿ ಪೋಣಿಸಿ. ಕೋಡಿಯಿಂದ 8–10 ಮೀಟರ್ ಹಿಂದೆ, ಹರಿವಿಗೆ ಅಡ್ಡಡ್ಡ ಅಲ್ಲ, 45 ಡಿಗ್ರಿ ಓರೆಯಾಗಿ ಹಾಕಬೇಕು. ಆಗ ಕಳೆ ಜಾರಿ ದಡದ ಒಂದೇ ಮೂಲೆಗೆ ಬಂದು ಬೀಳುತ್ತದೆ, ಎತ್ತುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಎರಡು ತುದಿಯನ್ನೂ ಮರಕ್ಕೆ ಕಟ್ಟಬೇಡಿ. ನೀರು ಒಂದು ಮೀಟರ್ ಏರಿದಾಗ ತಡೆ ಮುಳುಗಿ ಎಲ್ಲ ಮೇಲಿಂದ ದಾಟುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಕಂಬ ನೆಟ್ಟು, ಅದರ ಮೇಲೆ ಜಾರುವ ಉಂಗುರಕ್ಕೆ ಕಟ್ಟಿ.

ಎತ್ತುವುದು: ಬೆಳಿಗ್ಗೆ ಗಾಳಿ ಕಳೆಯನ್ನು ಯಾವ ದಡಕ್ಕೆ ತಳ್ಳಿದೆ ನೋಡಿ ಅಲ್ಲೇ ಶುರು. ಹಾಸನ್ನು ಎರಡು ಮೀಟರ್ ಅಗಲದ ಪಟ್ಟಿಯಾಗಿ ಸೀಳಿ, ತೇಲುಬುಂಡೆ ಕಟ್ಟಿದ ಹಗ್ಗದಲ್ಲಿ ಸುತ್ತಿ ಎಳೆಯಿರಿ. ಹಲ್ಲು 3 ಸೆಂ.ಮೀ. ಅಂತರದ ಕುಂಟೆ ಸಾಕು. ಹಿಂದೆಯೇ ಇಬ್ಬರು 1 ಸೆಂ.ಮೀ. ಕಣ್ಣಿನ ಕೈಬಲೆಯಲ್ಲಿ ತುಂಡು ಹೆಕ್ಕುತ್ತಿರಬೇಕು. ಈ ಇಬ್ಬರನ್ನು ಎಲ್ಲರೂ ಮರೆಯುತ್ತಾರೆ, ಮುಂದಿನ ಬೆಳೆ ಬರುವುದು ಅದೇ ತುಂಡಿನಿಂದ.

ಮೊದಲನೇ ಅಡ್ಡರಸ್ತೆ:
ನೀರಿಗಿಳಿಯುವವರಿಗೆ ಗಂಬೂಟು, ಕೈಗವಸು, ಸೊಂಟಕ್ಕಿಂತ ಆಳಕ್ಕೆ ಹೋದರೆ ಜೀವರಕ್ಷಕ ಜಾಕೆಟ್. ಹಾಸಿನ ಕೆಳಗೆ ತಳ ಕಾಣುವುದಿಲ್ಲ. ಕಾಲಲ್ಲಿ ಗಾಯ ಇದ್ದವರು ದಡದಲ್ಲೇ ಇರಿ, ಇಲಿಜ್ವರ ಸುಮ್ಮನೆ ಅಲ್ಲ. ಕೆಲಸದ ಬಳಿಕ ಒಂದು ತಿಂಗಳೊಳಗೆ ಜ್ವರ ಬಂದರೆ ಕೆರೆಗೆ ಇಳಿದಿದ್ದನ್ನು ವೈದ್ಯರಿಗೆ ಹೇಳಿ.

ಎರಡನೇ ಅಡ್ಡರಸ್ತೆ:
ತೆಗೆದದ್ದನ್ನು ಎಲ್ಲಿ ಹಾಕುವುದು?

ಮೇಲಿನ ತೋಟ:
ಕಾಫಿ ಒಣಗಿಸುವ ಕಣ ಖಾಲಿಯಾಗಿದೆ, ಕೊಯ್ಲು ಮುಗಿಯಿತು. ಅಲ್ಲಿಂದ ನೀರು ಕೆರೆಗೆ ಇಳಿಯುವುದಿಲ್ಲ. ಒಂದು ಗೇಣು ದಪ್ಪ ಹರಡಿ ದಿನ ಬಿಟ್ಟು ದಿನ ಮಗುಚಿದರೆ ವಾರದಲ್ಲಿ ಗರಿಗರಿ. ರಾಶಿ ಹಾಕಿದರೆ ನಡುವಿನದ್ದು ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಒಣಗಿದ ಮೂರು ಪಾಲಿಗೆ ಒಂದು ಪಾಲು ಸಗಣಿ, ಸ್ವಲ್ಪ ಕಾಫಿ ಸಿಪ್ಪೆ. ರಾಶಿಯ ಒಡಲು ಮೂರು ದಿನ 55 ಡಿಗ್ರಿ ಮುಟ್ಟಬೇಕು, ಆಮೇಲೆ ಮಗುಚಬೇಕು. ಬೀಜವಿಲ್ಲದ್ದರಿಂದ ಗೊಬ್ಬರ ಗಿಡಕ್ಕೆ ಹಾಕಲು ಭಯವಿಲ್ಲ. ಹೂಮಳೆ (ಕಾಫಿ ಹೂವರಳಿಸುವ ಮಳೆ) ಬಂದರೆ ಟಾರ್ಪಾಲು ಬೇಕು.

ಕೋಡಿ ಪಕ್ಕ:
ತೋಟದವರಿಗೆ ಇನ್ನೊಂದು. ಈ ತಿಂಗಳು ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಇದೇ ಕೆರೆಯಿಂದ ನೀರೆತ್ತುತ್ತೀರಿ. ಫುಟ್‌ವಾಲ್ವ್ (ನೀರಲ್ಲಿರುವ ಪೈಪಿನ ಬಾಯಿ) ಸುತ್ತ ಒಂದು ಮೀಟರ್ ಅಗಲದ ಬಲೆಪಂಜರ ಇಡಿ, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ಪೈಪು, ಪಂಪನ್ನು ಬೇರೆ ಕೆರೆಗೆ ಒಯ್ಯುವ ಮೊದಲು ಬಿಚ್ಚಿ, ತೊಳೆದು, ಎರಡು ದಿನ ಬಿಸಿಲಲ್ಲಿ ಒಣಗಿಸಿ.

ಏರಿ ರಸ್ತೆ:
ಈಗ ಹುಳು.

ಮೂಲೆ ಮನೆ:
ನಮಗೆ ದೂರದ ಕಥೆಯಲ್ಲ. ಭಾರತದಲ್ಲಿ ಮೊದಲು ಬಿಟ್ಟದ್ದು 1983–84ರಲ್ಲಿ, ಬೆಂಗಳೂರಿನ ಒಂದು ತಾವರೆಕೊಳದಲ್ಲಿ. ಹನ್ನೊಂದು ತಿಂಗಳಲ್ಲಿ ಕೊಳ ತೆರವಾಯಿತು. ಆಮೇಲೆ ಕೇರಳದ ಕಾಲುವೆ, ಗದ್ದೆಗಳಲ್ಲೂ ಗೆದ್ದಿತು. ಎರಡು ಮಿ.ಮೀ. ಉದ್ದದ ಕಪ್ಪು ಮೂತಿಹುಳು. ದೊಡ್ಡದು ಮೊಗ್ಗು ತಿನ್ನುತ್ತದೆ, ಮರಿ ಕಾಂಡದೊಳಗೆ ಕೊರೆಯುತ್ತದೆ. ಭತ್ತ, ಕಾಫಿ ಮುಟ್ಟುವುದಿಲ್ಲ.

ತರಿಸುವ ಮೊದಲು ನಮ್ಮಲ್ಲೇ ಇದೆಯೇ ನೋಡಬೇಕು. ಒಂದು ಕೆ.ಜಿ. ಹಸಿ ಕಳೆಯನ್ನು ಜಾಲರಿಯ ಮೇಲಿಟ್ಟು ಮೇಲೆ 40 ವಾಟ್‌ನ ಹಳೇ ಬುರುಡೆ ದೀಪ, ಕೆಳಗೆ ಆಲಿಕೆ, ಅದರಡಿ ನೀರಿನ ಬಾಟಲಿ. ಎರಡು ಮೂರು ದಿನದಲ್ಲಿ ಹುಳುಗಳು ಬಿಸಿಗೆ ಹೆದರಿ ಕೆಳಗೆ ಬೀಳುತ್ತವೆ. ಎಲ್‌ಇಡಿ ಕೆಲಸಕ್ಕೆ ಬಾರದು, ಶಾಖ ಸಾಲದು. ಇಲ್ಲವೆಂದಾದರೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೆ ಪಂಚಾಯಿತಿ ಮೂಲಕ ಪತ್ರ.

ಸೋಲುವುದು ಎರಡು ಕಾರಣಕ್ಕೆ. ಒಂದು ಚಳಿ: ನೀರು 20 ಡಿಗ್ರಿಗಿಂತ ಕೆಳಗಿದ್ದರೆ ಮೊಟ್ಟೆ ಒಡೆಯುವುದಿಲ್ಲ, ಹಾಗಾಗಿ ಡಿಸೆಂಬರ್‌ನಲ್ಲಿ ಬಿಟ್ಟರೆ ವ್ಯರ್ಥ, ಮಾರ್ಚ್ ಸರಿ. ಇನ್ನೊಂದು, ಗಿಡದಲ್ಲಿ ಸಾರಜನಕ ಕಡಿಮೆಯಿದ್ದರೆ ಹುಳು ಹೆಚ್ಚುವುದಿಲ್ಲ. ಪಪುವಾ ನ್ಯೂಗಿನಿಯ ಸೆಪಿಕ್ ಬಯಲಿನಲ್ಲಿ ಅದಕ್ಕಾಗಿ ಕಳೆಗೇ ಯೂರಿಯಾ ಹಾಕಿದರು! ನಮಗೆ ಆ ಚಿಂತೆಯಿಲ್ಲ. ಮೂರನೇ ಅಡ್ಡರಸ್ತೆಯ ಚರಂಡಿ ಅಷ್ಟನ್ನೂ ಪುಕ್ಕಟೆ ಕೊಡುತ್ತಿದೆ. ಆ ಚರಂಡಿ ತಿರುಗಿಸುವುದನ್ನು ಅದೇ ಪತ್ರದಲ್ಲಿ ಸೇರಿಸಿ, ಇಲ್ಲದಿದ್ದರೆ ಸಾಲ್ವೀನಿಯಾ ಹೋದ ಜಾಗಕ್ಕೆ ಅಂತರಗಂಗೆ ಬರುತ್ತದೆ.

ಏರಿ ರಸ್ತೆ:
ಕಳೆ ಎತ್ತುತ್ತಿದ್ದರೆ ಹುಳುವೂ ಹೋಗುವುದಿಲ್ಲವೇ?

ಮೂಲೆ ಮನೆ:
ಹೋಗುತ್ತದೆ. ಅದಕ್ಕೇ ಬಡಗಣ ಮೂಲೆಯಲ್ಲಿ 15 ಮೀಟರ್ ಚೌಕ ಬಿಟ್ಟು, ಸುತ್ತ ಇನ್ನೊಂದು ತೇಲುತಡೆ ಹಾಕಿ. ಅಲ್ಲಿ ಕುಂಟೆ ಮುಟ್ಟಬಾರದು. ಹುಳು ಬರುವುದು ಚೀಲದಲ್ಲಿ, ಕಳೆಯ ಸಮೇತ. ಹಾಗೇ ಹಾಸಿನ ಮೇಲೆ ಸುರಿದರಾಯಿತು. ಬೆಚ್ಚಗಿದ್ದರೆ ಒಂದು ಪೀಳಿಗೆಗೆ ಆರೇಳು ವಾರ. ಮೊಗ್ಗು ಕಂದಾದರೆ ಹಿಡಿಯಿತು ಎಂದು ಅರ್ಥ.

ಕೋಡಿ ಪಕ್ಕ:
ಹಾಗಾದರೆ ಪೈಪ್ ನಾಲ್ಕು ಸಾಲದು, ಹತ್ತು ತರಿಸುತ್ತೇನೆ. ಈ ಭಾನುವಾರ ಎತ್ತುವುದು ಬೇಡ, ಐದು ಕಡೆ ತೂಕ ಮತ್ತು ಬಲ್ಬಿನ ಪರೀಕ್ಷೆ ಮಾತ್ರ. 40 ವಾಟ್‌ನ ಹಳೇ ಬುರುಡೆ ಬಲ್ಬು ಯಾರ ಮನೆಯಲ್ಲಾದರೂ ಉಳಿದಿದೆಯೇ?

ಮೇಲಿನ ತೋಟ:
ಕೋಳಿಮರಿ ಗೂಡಿನದು ಎರಡಿದೆ. 60 ವಾಟ್.

ಮೂಲೆ ಮನೆ:
ನಡೆಯುತ್ತದೆ. ಜಾಲರಿಯಿಂದ ಒಂದು ಗೇಣು ಮೇಲೆ ಕಟ್ಟಿ.