ಎಕ್ಸ್-ಕಿರಣ ಒಂದೇ ಸಲವೋ, ಎರಡು ಕಂತೋ: ಹಣ್ಣುನೊಣದ ಅಂಡಕ್ಕೆ ವ್ಯತ್ಯಾಸವಿದೆಯೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ):
ಗಂಡು ಡ್ರೊಸೊಫಿಲಗಳ (ಹಣ್ಣುನೊಣಗಳ) ಮೇಲಿನ ಹಳೆಯ ಪ್ರಯೋಗಗಳಲ್ಲಿ ಒಟ್ಟು ಡೋಸ್ ಮಾತ್ರ ಮುಖ್ಯ, ಕಂತು ಮಾಡಿದರೂ ಉತ್ಪರಿವರ್ತನೆ (ವಂಶವಾಹಿಯ ಬದಲಾವಣೆ) ಅಷ್ಟೇ ಎಂದು ಓದಿದ್ದೇನೆ. ಅಂಡಗಳಲ್ಲಿ ಕಂತು ಮಾಡಿದರೆ ಹಾನಿ ಕಡಿಮೆ ಎನ್ನುತ್ತಾರೆ ನಮ್ಮ ಮೇಡಂ. ಯಾವುದು ಸರಿ?

ಉತ್ತರ (ನಿವೃತ್ತ ಅಧ್ಯಾಪಕ):
ಎರಡೂ ಸರಿಯಮ್ಮ. ಆದರೆ ಒಂದರ ಮಾತನ್ನು ಇನ್ನೊಂದಕ್ಕೆ ಹಚ್ಚಬಾರದು. 1927ರಲ್ಲಿ ತಳಿವಿಜ್ಞಾನಿ ಮುಲ್ಲರ್ ಎಕ್ಸ್-ಕಿರಣದಿಂದ ಉತ್ಪರಿವರ್ತನೆ ಆಗುತ್ತದೆಂದು ದಾರಿ ತೋರಿಸಿದ ಮೇಲೆ ಬಹುಕಾಲ ಜನ ನೋಡಿದ್ದು ಬಲಿತ ವೀರ್ಯಾಣುವನ್ನೇ. ಅದರಲ್ಲಿ ರಿಪೇರಿ ನಡೆಯುವುದಿಲ್ಲ. ತುಂಡಾದ ವರ್ಣತಂತು ಫಲೀಕರಣದವರೆಗೆ ಹಾಗೆಯೇ ಬಿದ್ದಿರುತ್ತದೆ. ಇಂದಿನ ತುಂಡು, ನಾಳೆಯ ತುಂಡು ಎಲ್ಲವೂ ಒಟ್ಟಿಗೇ ಲೆಕ್ಕಕ್ಕೆ ಬರುತ್ತವೆ.

ಬೆಳೆಯುತ್ತಿರುವ ಅಂಡದಲ್ಲಿ ತುಂಡುಗಳು ಮತ್ತೆ ಕೂಡಿಕೊಳ್ಳುತ್ತವೆ. ಎರಡು ವರ್ಣತಂತುಗಳು ಅದಲುಬದಲಾಗಿ ಅಂಟಬೇಕಾದರೆ ಎರಡರ ತುಂಡುಗಳೂ ಒಂದೇ ಹೊತ್ತಿಗೆ ತೆರೆದಿರಬೇಕು. ಇಂಥ ಹಾನಿ ಸ್ಥೂಲವಾಗಿ ಡೋಸಿನ ವರ್ಗದಂತೆ ಏರುತ್ತದೆ: ಇಮ್ಮಡಿ ಡೋಸಿಗೆ ನಾಲ್ಕು ಪಾಲು. ಅದನ್ನೇ ಸರಿಪಾಲು ಮಾಡಿ, ನಡುವೆ ಬೆಸುಗೆಗೆ ಸಮಯ ಕೊಟ್ಟರೆ ಒಂದು, ಮತ್ತೊಂದು; ಒಟ್ಟು ಎರಡೇ. ಒಂದೇ ತುಂಡಿನಿಂದ ಆಗುವ ಹಾನಿಗೆ ಈ ರಿಯಾಯಿತಿ ಇಲ್ಲ.

ಇನ್ನೊಂದು ತೊಡಕಿದೆ, ಪುಸ್ತಕಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅಂಡ ನಿಮಗಾಗಿ ಕಾಯುತ್ತ ಕೂರುವುದಿಲ್ಲ. ಅದಕ್ಕೆ 14 ಹಂತಗಳು. 7ನೆಯದು ಕಿರಣ ತಾಳುವಷ್ಟು ಗಟ್ಟಿ, ಮಿಯೋಸಿಸ್‌ನ (ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯ) ಮೊದಲ ಮೆಟಾಫೇಸ್ ಎಂಬ ಘಟ್ಟದಲ್ಲಿ ನಿಂತಿರುವ 14ನೆಯದು ತೀರ ನಾಜೂಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ದೂರ ಸಾಗಲು ಒಂದು ದಿನದ ಆಸುಪಾಸು ಸಾಕು. ಇಂದು ಒಂದು ಕಂತು, ನಾಳೆ ಇನ್ನೊಂದು ಎಂದರೆ ಎರಡನೆಯದು ಬೀಳುವುದು ಬೇರೆಯೇ ಹಂತದ ಅಂಡಕ್ಕೆ!

ಉತ್ತರ (ಸಂಶೋಧನಾ ವಿದ್ಯಾರ್ಥಿ):
ಇಲಿಯಲ್ಲೂ ಇಂಥದ್ದೇ ಕಥೆ. 1958ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ರಸೆಲ್ ತಂಡ ಇಲಿಯ ವೀರ್ಯಮೂಲ ಕೋಶಗಳಿಗೆ ವಿಕಿರಣವನ್ನು ನಿಧಾನವಾಗಿ ಕೊಟ್ಟಾಗ ಉತ್ಪರಿವರ್ತನೆ ಕಡಿಮೆ ಕಂಡಿತು.

ಪ್ರಶ್ನಿಸಿದವರು:
ಧನ್ಯವಾದ ಸರ್. ಹಾಗಾದರೆ ಹಂತದ ಗೊಂದಲವನ್ನು ತಪ್ಪಿಸುವುದು ಹೇಗೆ?

ಉತ್ತರ (ನಿವೃತ್ತ ಅಧ್ಯಾಪಕ):
ಇನ್ನೂ ಗಂಡಿನೊಡನೆ ಕೂಡದ ಹೆಣ್ಣುಗಳನ್ನೇ ಆರಿಸಿ. ಒಂದು ಗುಂಪಿಗೆ ಮೊದಲ ಕಂತಿನ ಹೊತ್ತಿಗೆ ಪೂರ್ತಿ ಡೋಸ್, ಇನ್ನೊಂದಕ್ಕೆ ಎರಡನೆಯ ಕಂತಿನ ಹೊತ್ತಿಗೆ ಪೂರ್ತಿ ಡೋಸ್ ಕೊಡಿ. ಕಂತಿನ ಗುಂಪನ್ನು ಎರಡರ ಜೊತೆಗೂ ಹೋಲಿಸಿ. ಯೀಸ್ಟ್ ಎಲ್ಲ ಸೀಸೆಗಳಿಗೂ ಒಂದೇ ಸಮ ಇರಲಿ, ಮೇವು ಹೆಚ್ಚಾದರೆ ಅಂಡ ಬೇಗ ಬಲಿಯುತ್ತದೆ. ಕಿರಣ ಬೀಳದ ಗಂಡುಗಳೊಡನೆ ಕೂಡಿಸಿ. ಹಾನಿ ಅಳೆಯಲು ಒಡೆಯದ ಮೊಟ್ಟೆಗಳನ್ನು ನೋಡಿ. ಅಂಥ ಮೊಟ್ಟೆ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಭ್ರೂಣ ಸ್ವಲ್ಪ ಬೆಳೆದು ಸತ್ತಿದೆ. ಬೆಳ್ಳಗೇ ಉಳಿದಿದ್ದರೆ ಅದು ಫಲಿತವಾಗದ್ದೂ ಇರಬಹುದು, ಆರಂಭದಲ್ಲೇ ಸತ್ತದ್ದೂ ಇರಬಹುದು, ಕಣ್ಣಳತೆಯಲ್ಲಿ ತಿಳಿಯದು. ಅದಕ್ಕೆ ಕಿರಣವೇ ಬೀಳದ ಹೆಣ್ಣುಗಳ ಗುಂಪೂ ಒಂದು ಬೇಕೇ ಬೇಕು.